ಮಳೆ ರಜೆಯ ಆಟವೂ ಅಜ್ಜನ ಸುಳ್ಳೂ

ಪ್ರೀತಿಯ ಮಕ್ಕಳೇ, ಮಕ್ಕಳ ಕೈಗೆ ಸಿಗುವ ಮೊದಲೇ ಪತ್ರಿಕೆ ಬಿಡಿಸಿ ಓದಿ ಮುಗಿಸುವ ಅಜ್ಜ-ಅಜ್ಜಿಯರೇ,

ಮಂಗಳೂರಿನಲ್ಲಿ ಆಟಿ ತಿಂಗಳ ಮಳೆ ಹೇಗೆ ಸುರಿಯುತ್ತದೆ ಎಂದು ಇಲ್ಲಿಯವರಿಗೆ ಹೇಳಬೇಕಾಗಿಲ್ಲ. ಬೆಳಿಗ್ಗೆ ಎದ್ದ ಕೂಡಲೇ ನಮ್ಮ ಮನೆಯ ಮಕ್ಕಳು ನೋಡುವುದು ಅಮ್ಮನ ಮೊಬೈಲು. ಜಿಲ್ಲಾಧಿಕಾರಿಗಳು ರಜೆ ಕೊಟ್ಟರೋ ಇಲ್ಲವೋ ಎಂಬುದೇ ಚಿಂತೆ. ರಜೆ ಎಂದು ಗೊತ್ತಾದರೆ ಎರಡು ನಿಮಿಷ ಕುಣಿತ. ಆಮೇಲೆ ಇಡೀ ದಿನ "ಅಜ್ಜಾ, ಬೋರ್ ಆಗ್ತದೆ" ಎಂಬ ರಾಗ. ಹೊರಗೆ ಹೋಗುವ ಹಾಗಿಲ್ಲ, ಕರೆಂಟು ಯಾವಾಗ ಹೋಗುತ್ತದೋ ಗೊತ್ತಿಲ್ಲ.

ಈ ಸಲದ ಮಳೆ ರಜೆಯಲ್ಲಿ ನಮ್ಮ ಮನೆಯ ಊಟದ ಮೇಜಿನ ಮೇಲೆ ಒಂದು ಆಟ ನಡೆಯಿತು. ಅದನ್ನು ಆಡಿಸುವಾಗ ನಾನೊಂದು ತಪ್ಪು ಮಾಡಿದೆ. ಆ ತಪ್ಪನ್ನು ನಿಮಗೆಲ್ಲ ಹೇಳಿಬಿಡುವುದು ಒಳ್ಳೆಯದು ಎಂದು ಈ ವಾರ ಬರೆಯುತ್ತಿದ್ದೇನೆ.

ಒಂಬತ್ತನೇ ತರಗತಿಯಲ್ಲಿರುವ ನನ್ನ ಮೊಮ್ಮಗನಿಗೆ ಅವನ ಸೋದರಮಾವ ವಿದೇಶದಿಂದ ಒಂದು ಪೆಟ್ಟಿಗೆ ತಂದುಕೊಟ್ಟಿದ್ದ. ಆಟದ ಹೆಸರು 'ಡಂಜನ್ಸ್ ಅಂಡ್ ಡ್ರ್ಯಾಗನ್ಸ್'. ಒಳಗೆ ಪುಸ್ತಕಗಳು, ಮತ್ತೆ ಬಣ್ಣಬಣ್ಣದ ದಾಳಗಳು. ನಮಗೆ ಗೊತ್ತಿರುವ ಆರು ಮುಖದ ದಾಳ ಒಂದೇ. ಇದರಲ್ಲಿ ನಾಲ್ಕು, ಎಂಟು, ಹತ್ತು, ಹನ್ನೆರಡು, ಇಪ್ಪತ್ತು ಮುಖದವೂ ಇದ್ದವು. ಇಪ್ಪತ್ತು ಮುಖದ ದಾಳ ನೋಡಲಿಕ್ಕೆ ಸಣ್ಣ ನೆಲ್ಲಿಕಾಯಿಯನ್ನು ಚೂರಿಯಿಂದ ಕೆತ್ತಿದ ಹಾಗೆ ಉಂಟು.

ಈ ಆಟ ಅಮೆರಿಕದಲ್ಲಿ ಹೊರಬಂದದ್ದು 1974ರಲ್ಲಿ. ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಎಂಬ ಇಬ್ಬರು ರಚಿಸಿದ್ದು. ಮೊದಲು ಅಚ್ಚಾದದ್ದು ಬರೀ ಒಂದು ಸಾವಿರ ಪ್ರತಿ. ಒಂದು ಪೆಟ್ಟಿಗೆಯಲ್ಲಿ ಮೂರು ಸಣ್ಣ ಪುಸ್ತಕಗಳು. ನಾನು ಬಿ.ಕಾಂ. ಮುಗಿಸಿ ಬ್ಯಾಂಕಿಗೆ ಗುಮಾಸ್ತನಾಗಿ ಸೇರಿ ಆಗ ಒಂದು ವರ್ಷ ಆಗಿತ್ತು. ನಾನು ಲೆಡ್ಜರಿನಲ್ಲಿ ತಲೆ ಹುದುಗಿಸಿದ್ದಾಗ ಲೋಕದ ಇನ್ನೊಂದು ತುದಿಯಲ್ಲಿ ಯಾರೋ ರಾಕ್ಷಸರಿಗೆ ಲೆಕ್ಕ ಬರೆಯುತ್ತಿದ್ದರು!

ಆಟ ಹೀಗೆ. ನಾಲ್ಕೈದು ಮಂದಿ ಮೇಜಿನ ಸುತ್ತ ಕೂತುಕೊಳ್ಳುವುದು. ಒಬ್ಬೊಬ್ಬರೂ ಒಂದೊಂದು ಪಾತ್ರ. ಆ ಪಾತ್ರಕ್ಕೆ ಎಷ್ಟು ಬಲ, ಎಷ್ಟು ಬುದ್ಧಿ, ಎಷ್ಟು ಜೀವ ಎಂದು ಒಂದು ಕಾಗದದಲ್ಲಿ ಅಂಕಿ ಬರೆದಿರುತ್ತದೆ. ಒಬ್ಬರು ಮಾತ್ರ ಪಾತ್ರ ಮಾಡದೆ ಆಟ ನಡೆಸುತ್ತಾರೆ. "ನೀವು ನದಿಯ ದಡಕ್ಕೆ ಬಂದಿದ್ದೀರಿ. ರಾತ್ರಿ. ನೆರೆ ಬಂದಿದೆ. ಎಂತ ಮಾಡ್ತೀರಿ?" ಎಂದು ಅವರು ಕೇಳಬೇಕು. "ನಾನು ಹಾರ್ತೇನೆ" ಎಂದು ಯಾರಾದರೂ ಹೇಳಿದರೆ, ಹಾರಲು ಆಯಿತೋ ಇಲ್ಲವೋ ಎಂದು ದಾಳ ಹೇಳುತ್ತದೆ. ಗೆಲ್ಲುವವರು ಸೋಲುವವರು ಎಂದು ಇಲ್ಲ. ಎಲ್ಲರೂ ಸೇರಿ ಒಂದು ಕತೆಯನ್ನು ಕಟ್ಟಿ ದಡ ಮುಟ್ಟಿಸುವುದು.

ನಡೆಸುವ ಕೆಲಸ ಮೊಮ್ಮಗನದೇ ಆಗಿತ್ತು. ಆದರೆ ಅವನಿಗೂ ಪಾತ್ರ ಮಾಡಲು ಆಸೆ. "ಅಜ್ಜಾ, ನೀವು ನಡೆಸಿ. ಅಷ್ಟು ವರ್ಷ ಬ್ಯಾಂಕಿನಲ್ಲಿ ರೂಲ್ಸ್ ನೋಡಿದವರಲ್ಲವಾ?" ಎಂದ. ಹೀಗೆ ಎಪ್ಪತ್ತು ದಾಟಿದ ಮೇಲೆ ನನಗೊಂದು ಹೊಸ ಹುದ್ದೆ ಸಿಕ್ಕಿತು.

ನಾನು ಮೊದಲು ಪುಸ್ತಕ ತೆಗೆದೆ. ಆಟಗಾರರ ಪುಸ್ತಕ ಒಂದೇ ಮುನ್ನೂರು ಪುಟಕ್ಕೂ ಹೆಚ್ಚು. ಎರಡು ದಿನ ಕನ್ನಡಕ ಒರೆಸಿ ಒರೆಸಿ ಓದಿದೆ. ಆಮೇಲೆ ಮುಚ್ಚಿಟ್ಟೆ. ಅಷ್ಟೂ ನಿಯಮ ಕಲಿತು ಆಟ ಶುರು ಮಾಡುತ್ತೇವೆ ಎಂದರೆ ಮಳೆಗಾಲ ಮುಗಿಯುತ್ತದೆ. ಒಂದು ದಾಳ, ಮೂರು ಅಂಕಿ ಸಾಕು ಎಂದು ತೀರ್ಮಾನಿಸಿದೆ.

ಇಪ್ಪತ್ತು ಮುಖದ ದಾಳದಲ್ಲಿ ಒಂದೊಂದು ಮುಖ ಬೀಳುವ ಸಾಧ್ಯತೆ ನೂರಕ್ಕೆ ಐದು. ಸುಲಭದ ಕೆಲಸಕ್ಕೆ 8 ಅಥವಾ ಅದಕ್ಕಿಂತ ಮೇಲೆ ಬೀಳಬೇಕು ಎಂದಿಟ್ಟುಕೊಳ್ಳಿ. 8ರಿಂದ 20ರವರೆಗೆ ಹದಿಮೂರು ಮುಖ, ಅಂದರೆ ನೂರಕ್ಕೆ 65. ನಡುವಿನ ಕೆಲಸಕ್ಕೆ 12. ಒಂಬತ್ತು ಮುಖ, ನೂರಕ್ಕೆ 45. ಕಷ್ಟದ ಕೆಲಸಕ್ಕೆ 16. ಐದೇ ಮುಖ, ನೂರಕ್ಕೆ 25. ಶೇಕಡಾ ಲೆಕ್ಕ ಎಂದರೆ ಮುಖ ಸಿಂಡರಿಸುವ ನಾಲ್ಕನೇ ತರಗತಿಯ ಮೊಮ್ಮಗಳು ಪುಟ್ಟಿ ಇದನ್ನು ಅರ್ಧ ಗಂಟೆಯಲ್ಲಿ ಕಲಿತಳು. ನಿಮ್ಮಲ್ಲಿ ಇಂಥ ದಾಳ ಇಲ್ಲದಿದ್ದರೆ ಚಿಂತೆ ಬೇಡ. 1ರಿಂದ 20ರವರೆಗೆ ಬರೆದ ಚೀಟಿಗಳನ್ನು ಚೊಂಬಿಗೆ ಹಾಕಿ ಕುಲುಕಿ ಒಂದನ್ನು ತೆಗೆಯಿರಿ. ನೋಡಿದ ಮೇಲೆ ಮತ್ತೆ ಚೊಂಬಿಗೇ ಹಾಕಬೇಕು, ಅಷ್ಟೆ.

ಪುಸ್ತಕದಲ್ಲಿ ಬಿಳಿಯರ ಕೋಟೆ, ಹಿಮ, ಕುಳ್ಳರು. ನಮಗೆ ಅದು ಯಾಕೆ? ನಾನು ಕತೆಯನ್ನು ಬೋಳೂರಿನ ಸುಲ್ತಾನ್ ಬತ್ತೇರಿಗೆ ತಂದೆ. ಗುರುಪುರ ನದಿಯ ದಡದಲ್ಲಿ ಟಿಪ್ಪು ಸುಲ್ತಾನ್ 1784ರಲ್ಲಿ ಕಟ್ಟಿಸಿದ ಕಾವಲು ಬುರುಜು. ಎದುರು ದಡದಲ್ಲಿ ತಣ್ಣೀರುಬಾವಿ. ಆ ಬುರುಜಿನ ಅಡಿಯಲ್ಲಿ ಒಂದು ಸುರಂಗ, ಸುರಂಗದಲ್ಲಿ ಒಂದು ನಕ್ಷೆ ಎಂದು ನಾನೇ ಹುಟ್ಟಿಸಿದೆ. (ನಿಜವಾಗಿ ಹುಡುಕಲು ಹೋಗಬೇಡಿ ಮಕ್ಕಳೇ!) ಮೊಮ್ಮಗ ಬಿಲ್ಲುಗಾರ. ಕೆಳಗಿನ ಮನೆಯ ಹುಡುಗ ಒಬ್ಬ ದೈತ್ಯ ಮೀನುಗಾರ. ಮೇಲಿನ ಮಹಡಿಯ ಏಳನೇ ತರಗತಿಯ ಹುಡುಗಿ ಮಂತ್ರವಾದಿನಿ. ಪುಟ್ಟಿ ಮಾತ್ರ ತುಂಬಾ ಯೋಚಿಸಿ ಹುಲಿವೇಷದ ಹುಡುಗಿಯಾದಳು. ತಾಸೆಯ ಶಬ್ದ ಕೇಳಿದರೆ ಅವಳು ನಿಜವಾದ ಹುಲಿ ಆಗುತ್ತಾಳಂತೆ. ಮೇಜಿನ ಮೇಲೆ ತಾಸೆ ಬಡಿಯುವ ಕೆಲಸ ಅವರ ಅಜ್ಜಿಗೆ, ಅಂದರೆ ನನ್ನ ಮನೆಯವಳಿಗೆ.

ಮೊದಲ ದಿನ ನಾನು ಇಡೀ ಕತೆಯನ್ನು ಎಂಟು ಪುಟ ಬರೆದುಕೊಂಡು ಕೂತಿದ್ದೆ. ಮಕ್ಕಳು ಒಂದನೇ ಪುಟದಿಂದಲೇ ದಾರಿ ತಪ್ಪಿದರು. ಸುರಂಗಕ್ಕೆ ಹೋಗಿ ಎಂದರೆ ದೋಣಿಯವನ ಹತ್ತಿರ ಹೋಗಿ ಅವನ ಮನೆಯಲ್ಲಿ ಎಷ್ಟು ಜನ, ರಾತ್ರಿ ಊಟಕ್ಕೆ ಎಂತ ಎಂದು ಕೇಳುತ್ತಾ ಕೂತರು. ನಾನು "ಅಲ್ಲಿ ಎಂತ ಇಲ್ಲ, ಈ ಕಡೆ ಬನ್ನಿ" ಎಂದು ಎಳೆದೆ. ಮೂರು ಸಲ ಎಳೆದ ಮೇಲೆ ಮೊಮ್ಮಗ ಪೆನ್ಸಿಲು ಕೆಳಗಿಟ್ಟು ಹೇಳಿದ: "ಅಜ್ಜಾ, ನೀವು ಕತೆ ಹೇಳುವುದಾದರೆ ನಾವು ಕೇಳ್ತೇವೆ. ಆಟ ಆದರೆ ನಮ್ಮನ್ನು ಆಡ್ಲಿಕ್ಕೆ ಬಿಡಿ."

ಆ ಮಾತು ನಾಟಿತು. ಯಾಕೆಂದರೆ ಇದನ್ನು ನಾನು ಮೊದಲೇ ತಿಳಿದಿರಬೇಕಿತ್ತು. ಮೇಜಿನ ಸುತ್ತ ಕೂತು ಪಾತ್ರ ಮಾಡುವ ವಿದ್ಯೆಯನ್ನು ಅಮೆರಿಕದಿಂದ ತರಿಸಬೇಕಾದ ಊರು ನಮ್ಮದಲ್ಲ. ನಮ್ಮಲ್ಲಿ ತಾಳಮದ್ದಳೆ ಉಂಟು.

ಹೊರಗಿನ ಊರಿನ ಮಕ್ಕಳಿಗಾಗಿ ಸ್ವಲ್ಪ ಹೇಳುತ್ತೇನೆ. ಯಕ್ಷಗಾನದಲ್ಲಿ ವೇಷ, ಕುಣಿತ, ಮಾತು, ಹಾಡು ಎಲ್ಲ ಉಂಟು. ಪತ್ತನಾಜೆಯ ದಿನ ಮೇಳಗಳು ಗೆಜ್ಜೆ ಬಿಚ್ಚಿದ ಮೇಲೆ ಮಳೆಗಾಲದಲ್ಲಿ ನಮ್ಮ ಕಡೆ ಹೆಚ್ಚಾಗಿ ನಡೆಯುವುದು ತಾಳಮದ್ದಳೆ. ಇದರಲ್ಲಿ ವೇಷ ಇಲ್ಲ, ಕುಣಿತ ಇಲ್ಲ. ಪಂಚೆ ಶಾಲಿನಲ್ಲಿ ಎದುರೆದುರು ಕೂತ ಅರ್ಥಧಾರಿಗಳೇ ರಾಮ, ವಾಲಿ, ಕೃಷ್ಣ, ಕೌರವ. ಭಾಗವತರು ಪದ್ಯ ಹಾಡುತ್ತಾರೆ. ಅರ್ಥಧಾರಿ ಅದರ ಅರ್ಥವನ್ನು ತನ್ನದೇ ಮಾತಿನಲ್ಲಿ ಕಟ್ಟಿ ಹೇಳುತ್ತಾನೆ. ಮಾತು ಬಾಯಿಪಾಠ ಅಲ್ಲ. ಎದುರಿನವನು ಎಂತ ಕೇಳುತ್ತಾನೆ ಎಂದು ಮೊದಲೇ ಗೊತ್ತಿರುವುದಿಲ್ಲ. ನನ್ನ ಪ್ರಾಯಕಾಲದಲ್ಲಿ ಶೇಣಿ ಗೋಪಾಲಕೃಷ್ಣ ಭಟ್ಟರು, ಮಲ್ಪೆಯ ಸಾಮಗ ಸಹೋದರರು ಅರ್ಥ ಹೇಳುತ್ತಾರೆ ಎಂದರೆ ಎಷ್ಟು ದೂರವಾದರೂ ಕೊಡೆ ಹಿಡಿದು ಹೊರಡುವವರಿದ್ದರು.

ಅಲ್ಲಿ ಆಟ ನಡೆಸುವವರು ಭಾಗವತರು. ಪ್ರಸಂಗ ಎಲ್ಲಿಗೆ ಮುಟ್ಟಬೇಕು ಎಂದು ಅವರಿಗೆ ಗೊತ್ತು. ಆದರೂ ಅರ್ಥಧಾರಿಯ ಬಾಯಿಯಿಂದ ಮಾತನ್ನು ಕಸಿಯುವುದಿಲ್ಲ. ಇಬ್ಬರ ವಾದ ಏರುತ್ತಾ ಇದ್ದರೆ ತಾಳವನ್ನು ತೊಡೆಯ ಮೇಲಿಟ್ಟು ಸುಮ್ಮನೆ ಕೇಳುತ್ತಾರೆ. ವಾದ ಜಗಳದ ಕಡೆಗೆ ವಾಲಿತು, ಇಲ್ಲವೇ ಹೇಳಿದ್ದನ್ನೇ ಹೇಳಲು ಶುರುವಾಯಿತು ಎಂದು ಕಂಡಾಗ ಮುಂದಿನ ಪದ್ಯ ಎತ್ತುತ್ತಾರೆ. ಯಾರಿಗೂ ಅವಮಾನ ಆಗದ ಹಾಗೆ ಕತೆ ಮುಂದೆ ಹೋಗುತ್ತದೆ. ಒಳ್ಳೆಯ ಭಾಗವತರಿಗೆ ಕಂಠ ಎಷ್ಟು ಬೇಕೋ ಕಿವಿಯೂ ಅಷ್ಟೇ ಬೇಕು.

ಎರಡನೇ ದಿನ ನಾನು ಎಂಟು ಪುಟವನ್ನು ಮಡಚಿ ಅಟ್ಟಕ್ಕೆ ಹಾಕಿದೆ. ದೋಣಿಯವನ ಕತೆಯನ್ನೇ ಹಿಡಿದೆ. ನಕ್ಷೆ ಅವನ ಮನೆಯ ಮಾಡಿನಲ್ಲಿ ಸಿಕ್ಕಿತು. ಆಟ ಓಡಿತು. ಕೆಳಗಿನ ಮನೆಯ ಹುಡುಗ ಮಾತು ಕಡಿಮೆ. ಅವನಿಗೆ ಮೊದಲ ಅವಕಾಶ ಕೊಟ್ಟು, "ನಿನ್ನ ಮೀನುಗಾರ ಎಂತ ಮಾಡ್ತಾನೆ?" ಎಂದು ಕೇಳಿ, ಅವನು ಬಾಯಿ ಬಿಡುವವರೆಗೆ ನಾನು ತಾಳ ತೊಡೆಯ ಮೇಲಿಟ್ಟು ಕೂತೆ. ಮೂರನೇ ದಿನ ಅವನನ್ನು ಸುಮ್ಮನಿರಿಸುವುದೇ ಕಷ್ಟ ಆಯಿತು.

ನಾಲ್ಕನೇ ದಿನ ಆ ತಪ್ಪು ನಡೆಯಿತು.

ಈ ಆಟದಲ್ಲಿ ನಡೆಸುವವರ ಮುಂದೆ ಒಂದು ಸಣ್ಣ ಪರದೆ ಇಟ್ಟುಕೊಳ್ಳುವ ಕ್ರಮ ಉಂಟು. ಶತ್ರುಗಳ ಅಂಕಿಗಳು, ಮುಂದಿನ ಗುಟ್ಟುಗಳು ಆಟಗಾರರಿಗೆ ಕಾಣಬಾರದಲ್ಲ. ನಾನು ಹಳೆಯ ಕ್ಯಾಲೆಂಡರಿನ ರಟ್ಟನ್ನು ನಿಲ್ಲಿಸಿದ್ದೆ. ಶತ್ರುವಿನ ದಾಳವನ್ನು ಅದರ ಹಿಂದೆಯೇ ಹಾಕುತ್ತಿದ್ದೆ.

ನಾಲ್ವರೂ ದೋಣಿಯಲ್ಲಿ ನದಿ ದಾಟುತ್ತಿದ್ದರು. ಮೊಸಳೆ ಬಂತು. ಮೀನುಗಾರ ನೀರಿಗೆ ಬಿದ್ದ. ಪುಟ್ಟಿಯ ಹುಲಿ ಅವನನ್ನು ಉಳಿಸಲು ನೀರಿಗೆ ಹಾರಿತು. ಅಜ್ಜಿಯ ತಾಸೆ ಜೋರಾಯಿತು. ಮೊಸಳೆ ಹುಲಿಯ ಕಡೆ ತಿರುಗಿತು. ನಾನು ದಾಳ ಹಾಕಿದೆ. 20 ಬಿತ್ತು. ಇಪ್ಪತ್ತು ಬಿದ್ದರೆ ಏಟು ಎರಡು ಪಟ್ಟು. ಲೆಕ್ಕ ಹಾಕಿದರೆ ಹತ್ತು. ಹುಲಿಯ ಜೀವ ಉಳಿದದ್ದು ಆರು.

ನಾನು ಪುಟ್ಟಿಯ ಮುಖ ನೋಡಿದೆ. ಎರಡೂ ಕೈ ಮುಷ್ಟಿ ಮಾಡಿ, ಉಸಿರು ಹಿಡಿದು ಕೂತಿದ್ದಳು. ನನ್ನ ಬಾಯಿಯಿಂದ ತಾನಾಗಿ ಬಂತು: "ಏಳು. ತಾಗಲಿಲ್ಲ."

ಅವಳು ಕುರ್ಚಿಯ ಮೇಲೆ ಹತ್ತಿ ಕುಣಿದಳು. ನನಗೂ ಸಂತೋಷ. ಆದರೆ ಅದೇ ಹೊತ್ತಿಗೆ ಮೊಮ್ಮಗ ಅಡುಗೆ ಮನೆಯಿಂದ ಹಲಸಿನ ಹಪ್ಪಳದ ತಟ್ಟೆ ಹಿಡಿದುಕೊಂಡು ನನ್ನ ಹಿಂದಿನಿಂದ ಬರುತ್ತಿದ್ದ. ಅವನು ಏನೂ ಹೇಳಲಿಲ್ಲ. ತಟ್ಟೆ ಇಟ್ಟು ಕೂತ.

ಮುಂದಿನ ಸುತ್ತಿನಲ್ಲಿ ಮೊಸಳೆ ಅವನ ಬಿಲ್ಲುಗಾರನ ಮೇಲೆ ಬಂತು. 18 ಬಿತ್ತು. ಅದರ ಮುಂದಿನ ಸುತ್ತಿನಲ್ಲಿ 15. ಬಿಲ್ಲುಗಾರ ಮುಳುಗಿದ. ನಾನು ಹೇಳಿದ್ದು ಎರಡೂ ಸಲ ಸತ್ಯವೇ. ಮೊಮ್ಮಗ ನನ್ನನ್ನೇ ನೋಡಿ ಮೆಲ್ಲಗೆ ಕೇಳಿದ: "ಅದು ನಿಜವಾದ ಹದಿನೈದಾ ಅಜ್ಜಾ? ಅಥವಾ ಪುಟ್ಟಿಯ ಏಳಿನ ಹಾಗೆಯಾ?"

ಮೇಜು ಮೌನವಾಯಿತು. ಮಳೆಯ ಶಬ್ದ ಮಾತ್ರ. ಪುಟ್ಟಿ ನನ್ನ ಮುಖ ನೋಡಿದಳು. ನಾನು ಎಂತ ಹೇಳಲಿ? "ನೀನು ಸಣ್ಣವಳಲ್ಲವಾ ಮಗಾ..." ಎಂದು ಶುರು ಮಾಡಿದೆ. ಅವಳು ಕುರ್ಚಿಯಿಂದ ಇಳಿದಳು. "ಹಾಗಾದರೆ ನಾನು ನಿಜವಾಗಿ ತಪ್ಪಿಸಿಕೊಂಡದ್ದಲ್ಲ" ಎಂದಳು. ಹುಲಿಯ ಕಾಗದವನ್ನು ಎರಡು ತುಂಡು ಮಾಡಿ ಮೇಜಿನ ಮೇಲಿಟ್ಟು ಒಳಗೆ ಹೋದಳು.

ಮೊಮ್ಮಗನಿಗೆ ಮೋಸ ಆಯಿತು ಎಂದು ನನಗೆ ಆಗಲೇ ಗೊತ್ತಾಗಿತ್ತು. ಪುಟ್ಟಿಗೂ ಮೋಸ ಮಾಡಿದ್ದೇನೆ ಎಂದು ಗೊತ್ತಾದದ್ದು ಆ ಕಾಗದ ಹರಿದಾಗ. ನಾನು ಅವಳಿಗೆ ಗೆಲುವು ಕೊಟ್ಟೆ ಎಂದುಕೊಂಡಿದ್ದೆ. ನಿಜವಾಗಿ ಅವಳು ಅದುವರೆಗೆ ಗೆದ್ದದ್ದನ್ನೆಲ್ಲ ಕಸಿದುಕೊಂಡಿದ್ದೆ. ಮೊದಲ ಮೂರು ದಿನದ ಅವಳ ಅಂಕಿಗಳ ಮೇಲೂ ಈಗ ಸಂಶಯ.

ಮತ್ತೆ ಎರಡು ರಜೆ ಬಂದವು. ಯಾರೂ ಪೆಟ್ಟಿಗೆ ತೆಗೆಯಲಿಲ್ಲ.

ಆ ದಿನಗಳಲ್ಲಿ ನನಗೆ ಬ್ಯಾಂಕಿನ ಒಂದು ಹಳೆಯ ಸಂಗತಿ ನೆನಪಾಗುತ್ತಿತ್ತು. ಕೆಲಸಕ್ಕೆ ಸೇರಿದ ಹೊಸತು. ನಗದು ಕೌಂಟರಿನಲ್ಲಿ ಕೂತಿದ್ದೆ. ಸಂಜೆ ಲೆಕ್ಕ ನೋಡುವಾಗ ಐವತ್ತು ರೂಪಾಯಿ ಕಡಿಮೆ. ಆ ಕಾಲಕ್ಕೆ ಅದು ಸಣ್ಣ ಮೊತ್ತ ಅಲ್ಲ. ನನಗೆ ಬೆವರು. ಹಿರಿಯರೊಬ್ಬರು ಕನಿಕರದಿಂದ ತಮ್ಮ ಕಿಸೆಯಿಂದ ಐವತ್ತು ತೆಗೆದಿಟ್ಟು, "ಪುಸ್ತಕದಲ್ಲಿ ಏನೂ ಬರೆಯುವುದು ಬೇಡ, ಮನೆಗೆ ಹೋಗು" ಎಂದರು. ಮರುದಿನ ಬೆಳಿಗ್ಗೆ ಮೀನು ಮಾರುವ ಒಬ್ಬ ಹೆಂಗಸು ಬಂದು, "ನಿನ್ನೆ ನನಗೆ ಐವತ್ತು ಹೆಚ್ಚು ಕೊಟ್ಟಿದ್ದೀರಿ" ಎಂದು ವಾಪಸು ಇಟ್ಟರು. ಈಗ ನೋಡಿ, ಐವತ್ತು ಹೆಚ್ಚಾಯಿತು! ನಿನ್ನೆ ಕಡಿಮೆ ಇತ್ತು ಎಂಬುದಕ್ಕೆ ಬರಹ ಇಲ್ಲ. ಮ್ಯಾನೇಜರರು ಕೇಳಿದ ಪ್ರಶ್ನೆಗೆ ಉತ್ತರ ಹೇಳುವಷ್ಟರಲ್ಲಿ ನನಗೂ ಸಾಕಾಯಿತು, ಆ ಹಿರಿಯರಿಗೂ ಸಾಕಾಯಿತು. ಅವರ ಮನಸ್ಸು ಚಿನ್ನದಂಥದ್ದು. ಆದರೆ ಪುಸ್ತಕದಲ್ಲಿ ಬರೆಯದ ದಯೆ ಮರುದಿನದ ಲೆಕ್ಕವನ್ನೂ ಕೆಡಿಸಿತು.

ಹಾಗಾದರೆ ನಿಯಮವನ್ನು ಹಿಡಿದ ಹಾಗೆಯೇ ಹಿಡಿಯಬೇಕೇ? ಅದೂ ಅಲ್ಲ. ಈ ಚರ್ಚೆ ಹಳೆಯದು. 1824ರಲ್ಲಿ ಪ್ರಷ್ಯ ದೇಶದಲ್ಲಿ, ಅಂದರೆ ಈಗಿನ ಜರ್ಮನಿಯ ಕಡೆ, ರೈಸ್‌ವಿಟ್ಜ್ ಎಂಬ ಸೇನಾಧಿಕಾರಿ ಸೈನಿಕರಿಗಾಗಿ ಒಂದು ಯುದ್ಧದ ಆಟ ಮಾಡಿದ. ನಕ್ಷೆ, ದಾಳ, ನಡುವೆ ತೀರ್ಪು ಹೇಳುವ ಒಬ್ಬ. ಮೇಜಿನ ಮೇಲಿನ ಯುದ್ಧದಾಟಗಳ ವಂಶಕ್ಕೆ ಇದೇ ಮುತ್ತಜ್ಜ. ನಮ್ಮ ಪೆಟ್ಟಿಗೆಯ ಆಟ ಆ ವಂಶದ ಕುಡಿ. ಕಾಲ ಹೋದ ಹಾಗೆ ನಿಯಮಗಳು ಬೆಳೆದು ಬೆಳೆದು ಆಟ ಹೆಜ್ಜೆ ಇಡಲಾಗದ ಹಾಗಾಯಿತು. 1876ರಲ್ಲಿ ವೆರ್ದಿ ದು ವೆರ್ನ್ವಾ ಎಂಬ ಇನ್ನೊಬ್ಬ ಅಧಿಕಾರಿ, ದಾಳವನ್ನೂ ಕೋಷ್ಟಕವನ್ನೂ ಬದಿಗಿಡಿ, ಅನುಭವಸ್ಥ ತೀರ್ಪುಗಾರ ಹೇಳಿದ್ದೇ ಆಗಲಿ ಎಂದ. ಇಬ್ಬರ ಕ್ರಮವೂ ನಡೆಯುತ್ತದೆ. ದಾಳ ಹೇಳಲಿ ಎಂದರೆ ದಾಳ ಹೇಳಲಿ. ಅಜ್ಜ ಹೇಳಲಿ ಎಂದರೆ ಅಜ್ಜ ಹೇಳಲಿ. ಅಜ್ಜ ತಾನೇ ಹೇಳಿ, ದಾಳ ಹೇಳಿತು ಎಂದು ನಂಬಿಸುವುದು ಮಾತ್ರ ಆಗಬಾರದು. ನಾನು ಮಾಡಿದ್ದು ಅದನ್ನೇ.

ಅಷ್ಟರಲ್ಲಿ ನಮ್ಮ ಹತ್ತಿರದ ದೇವಸ್ಥಾನದ ಸಭಾಂಗಣದಲ್ಲಿ ತಾಳಮದ್ದಳೆ ಬಂತು. ಪ್ರಸಂಗ 'ಶರಸೇತು ಬಂಧನ'. ನಾಲ್ವರನ್ನೂ ಕರೆದುಕೊಂಡು ಹೋದೆವು. ಕತೆ ಗೊತ್ತಲ್ಲ? ತೀರ್ಥಯಾತ್ರೆಗೆ ಹೊರಟ ಅರ್ಜುನನಿಗೂ ಹನುಮಂತನಿಗೂ ಮಾತಿಗೆ ಮಾತು ಬೆಳೆಯುತ್ತದೆ. ರಾಮ ಅಷ್ಟು ದೊಡ್ಡ ಬಿಲ್ಲುಗಾರನಾದರೆ ಬಾಣದಲ್ಲೇ ಸೇತುವೆ ಕಟ್ಟಬಹುದಿತ್ತಲ್ಲ, ಕಲ್ಲು ಯಾಕೆ ಎಂದು ಅರ್ಜುನ. ಬಾಣದ ಸೇತುವೆ ಕಪಿಯ ಭಾರ ತಡೆಯಲಿಕ್ಕಿಲ್ಲ ಎಂದು ಹನುಮಂತ. ಪಂಥ ಆಯಿತು. ಅರ್ಜುನ ಕಟ್ಟಿದ, ಹನುಮಂತ ಕಾಲಿಟ್ಟ, ಸೇತುವೆ ಮುರಿಯಿತು. ಅರ್ಜುನ ಅಗ್ನಿಗೆ ಹಾರಲು ಹೊರಟ. ಆಗ ಕೃಷ್ಣ ಮುದಿ ಬ್ರಾಹ್ಮಣನ ವೇಷದಲ್ಲಿ ಬಂದು, "ಸಾಕ್ಷಿ ಇಲ್ಲದ ಪಂಥ ಪಂಥವೇ ಅಲ್ಲ, ನನ್ನೆದುರು ಇನ್ನೊಮ್ಮೆ ಆಗಲಿ" ಎನ್ನುತ್ತಾನೆ. ಎರಡನೇ ಸಲ ಸೇತುವೆಯ ಅಡಿಯಲ್ಲಿ ತಾನೇ ಬೆನ್ನು ಕೊಟ್ಟು ನಿಲ್ಲುತ್ತಾನೆ. ಸೇತುವೆ ಮುರಿಯುವುದಿಲ್ಲ.

ಮನೆಗೆ ಬರುವ ಆಟೋದಲ್ಲಿ ಮೇಲಿನ ಮಹಡಿಯ ಹುಡುಗಿ ಕೇಳಿದಳು: "ಅಜ್ಜಾ, ಕೃಷ್ಣ ಮಾಡಿದ್ದೂ ನೀವು ಮಾಡಿದ್ದೂ ಒಂದೇ ಅಲ್ಲವಾ? ಅವನು ಮಾಡಿದರೆ ಲೀಲೆ, ನೀವು ಮಾಡಿದರೆ ಮೋಸವಾ?"

ನನಗೆ ಉತ್ತರ ಹೊಳೆಯಲಿಲ್ಲ. ನನ್ನ ಪರವಾಗಿ ಒಬ್ಬ ವಕೀಲೆ ಸಿಕ್ಕಿದಳಲ್ಲ ಎಂದು ಒಳಗೊಳಗೇ ಸ್ವಲ್ಪ ಖುಷಿಯೂ ಆಯಿತು. ಉತ್ತರ ಹೇಳಿದವಳು ನನ್ನ ಮನೆಯವಳು.

"ಒಂದೇ ಅಲ್ಲ ಮಗಾ. ಕೃಷ್ಣ ಹನುಮಂತನ ಭಾರವನ್ನು ತನ್ನ ಬೆನ್ನಿನ ಮೇಲೆ ಹೊತ್ತ. ಇವರ ಬೆನ್ನಿಗೆ ಎಂತ ತಾಗಿತು? ಇವರು ಕ್ಯಾಲೆಂಡರಿನ ಹಿಂದೆ ಆರಾಮವಾಗಿ ಕೂತಿದ್ದರು. ಭಾರ ಬಿದ್ದದ್ದು ದೊಡ್ಡವನ ಮೇಲೆ. ಮತ್ತೆ ಕೃಷ್ಣ ಕಡೆಗೆ ತಾನು ಯಾರು ಎಂದು ಇಬ್ಬರಿಗೂ ತೋರಿಸಿದ. ಇವರು ಸಿಕ್ಕಿಬಿದ್ದದ್ದು."

ಆಟೋದ ಚಾಲಕರೂ ನಕ್ಕರು. ನಾನೂ ನಕ್ಕೆ, ಬೇರೆ ದಾರಿ ಇರಲಿಲ್ಲ.

ಮರುದಿನ ಮತ್ತೆ ಮಳೆ, ಮತ್ತೆ ರಜೆ. ನಾನು ನಾಲ್ವರನ್ನೂ ಮೇಜಿಗೆ ಕರೆದು, "ನನ್ನದು ತಪ್ಪಾಯಿತು" ಎಂದೆ. ಬ್ಯಾಂಕಿನಲ್ಲಿ ತಪ್ಪು ಬರೆದರೆ ರಬ್ಬರಿನಲ್ಲಿ ಉಜ್ಜುವ ಹಾಗಿಲ್ಲ. ಓದಲು ಆಗುವ ಹಾಗೆ ಅಡ್ಡಗೆರೆ ಹಾಕಿ, ಪಕ್ಕದಲ್ಲಿ ಸರಿಯಾದದ್ದು ಬರೆದು, ಸಹಿ ಹಾಕಬೇಕು. ನಮ್ಮ ಆಟದ ನೋಟ್‌ಬುಕ್ಕಿನಲ್ಲಿ '7' ಎಂಬುದಕ್ಕೆ ಗೆರೆ ಎಳೆದು '20' ಎಂದು ಬರೆದು ಸಹಿ ಹಾಕಿದೆ. ಅಲ್ಲಿಂದ ಮುಂದಿನದ್ದೆಲ್ಲ ರದ್ದು. ಬಿಲ್ಲುಗಾರ ಮತ್ತೆ ದೋಣಿಯಲ್ಲಿ. ಕ್ಯಾಲೆಂಡರಿನ ರಟ್ಟನ್ನು ತೆಗೆದುಹಾಕಿ, ದೇವರ ಕೋಣೆಯಿಂದ ಒಂದು ಹಿತ್ತಾಳೆಯ ಹರಿವಾಣ ತಂದು ಮೇಜಿನ ನಡುವೆ ಇಟ್ಟೆ. ಇನ್ನು ಮುಂದೆ ಎಲ್ಲ ದಾಳವೂ ಇದರಲ್ಲೇ, ಎಲ್ಲರ ಕಣ್ಣೆದುರು.

ಆಗ ಮಂತ್ರವಾದಿನಿ ಹುಡುಗಿ ಒಂದು ಹೊಸ ನಿಯಮ ಕೇಳಿದಳು. ಒಂದು ಆಟದಲ್ಲಿ ಒಂದು ಸಲ, ಒಬ್ಬರಿಗೆ ಬಿದ್ದ ಏಟಿನ ಅರ್ಧವನ್ನು ಇನ್ನೊಬ್ಬರು ತೆಗೆದುಕೊಳ್ಳಬಹುದು. ಹೆಸರು 'ಬೆನ್ನು ಕೊಡುವುದು'. ಎಲ್ಲರಿಗೂ ಇಷ್ಟವಾಯಿತು. ಕೆಳಗಿನ ಮನೆಯ ಹುಡುಗ ಮಾತ್ರ ವಕೀಲನ ಹಾಗೆ ಕೇಳಿದ: "ಆದರೆ ಮೊಸಳೆಯ ಇಪ್ಪತ್ತು ಮೊದಲೇ ಬಿದ್ದಿದೆಯಲ್ಲ. ರೂಲು ಹಿಂದಿನದಕ್ಕೂ ಸಿಗ್ತದಾ?" ನಮ್ಮ ಬ್ಯಾಂಕಿನ ಸುತ್ತೋಲೆಗಳಲ್ಲೂ 'ಇಂಥ ದಿನದಿಂದ ಜಾರಿ' ಎಂದು ಬರೆಯದಿದ್ದರೆ ಇದೇ ಪ್ರಶ್ನೆ ಬರುತ್ತಿತ್ತು. ಕೈ ಎತ್ತಿಸಿದೆ. ನಾಲ್ಕೂ ಕೈ ಮೇಲೆ ಹೋದವು, ಕೇಳಿದವನದೂ ಸೇರಿ. ನಿಯಮವನ್ನು ಬರೆದು ಎಲ್ಲರೂ ಸಹಿ ಹಾಕಿದರು.

ಪುಟ್ಟಿ ಹರಿದ ಕಾಗದಕ್ಕೆ ಅಂಟು ಪಟ್ಟಿ ಹಾಕಿಕೊಂಡು ಬಂದಿದ್ದಳು. ನಾನು ಕೇಳಿದೆ: "ಇಪ್ಪತ್ತು ಬಿದ್ದಿದೆ. ಏಟು ಹತ್ತು. ನಿನ್ನಲ್ಲಿ ಆರು ಉಂಟು. ಎಂತ ಮಾಡುವ?"

"ಇಪ್ಪತ್ತು ಅಂದರೆ ಇಪ್ಪತ್ತೇ" ಎಂದಳು. ಗಲ್ಲ ನಡುಗುತ್ತಿತ್ತು.

"ಐದು ನನಗೆ" ಎಂದ ಮೊಮ್ಮಗ. "ನಾನು ಬೆನ್ನು ಕೊಡ್ತೇನೆ." ಅವನ ಬಿಲ್ಲುಗಾರನಲ್ಲಿ ಇದ್ದದ್ದು ಏಳು. ಈಗ ಎರಡು. ಪುಟ್ಟಿಯ ಹುಲಿಗೆ ಒಂದು ಉಳಿಯಿತು.

ಮೊಸಳೆಯ ಮುಂದಿನ ಸರದಿ. ಇಬ್ಬರಲ್ಲಿ ಯಾರಿಗೆ ತಾಗಿದರೂ ಕತೆ ಮುಗಿಯಿತು. ನಾನು ಮೊದಲೇ ಗಟ್ಟಿಯಾಗಿ ಹೇಳಿದೆ: "12 ಅಥವಾ ಮೇಲೆ ಬಿದ್ದರೆ ತಾಗುತ್ತದೆ." ಹರಿವಾಣದಲ್ಲಿ ದಾಳ ಟಣಟಣ ಎಂದು ಉರುಳಿತು. ಐದು ತಲೆಗಳು ಅದರ ಮೇಲೆ ಬಗ್ಗಿದವು. ಅಜ್ಜಿ ತಾಸೆ ಬಡಿಯುವುದನ್ನು ಮರೆತಿದ್ದಳು.

4 ಬಿತ್ತು.

ಆ ಹೊತ್ತಿನ ಬೊಬ್ಬೆಗೆ ಪಕ್ಕದ ಮನೆಯವರು ಏನಾಯಿತೆಂದು ಬಾಗಿಲು ತೆರೆದು ನೋಡಿದರು. ನಾನು ಸುಳ್ಳು ಹೇಳಿದ ದಿನ ಪುಟ್ಟಿ ಕುಣಿದದ್ದು ಒಬ್ಬಳೇ. ಈ ದಿನ ನಾಲ್ವರೂ ಕುಣಿದರು.

ಆಟ ನಡೆಸಬೇಕು ಎಂದಿರುವ ಅಜ್ಜ-ಅಜ್ಜಿಯರಿಗೆ ನನ್ನ ಅನುಭವದ ನಾಲ್ಕು ಮಾತು:

ಒಂದು, ನಿಯಮ ಕಡಿಮೆ ಇಡಿ. ಬೇಕಾದಾಗ ಮಕ್ಕಳನ್ನೇ ಕೇಳಿ ಸೇರಿಸಿ. ತಾವೇ ಮಾಡಿದ ನಿಯಮವನ್ನು ಮಕ್ಕಳು ಮುರಿಯುವುದು ಕಡಿಮೆ.

ಎರಡು, ಎಷ್ಟು ಬೀಳಬೇಕು ಎಂಬುದನ್ನು ದಾಳ ಹಾಕುವ ಮೊದಲೇ ಹೇಳಿ. ಬಿದ್ದ ಮೇಲೆ ಅಂಕಿ ನಿಶ್ಚಯಿಸುವುದು ಚೌಕಾಸಿ, ಆಟ ಅಲ್ಲ.

ಮೂರು, ಸೋತರೂ ಕತೆ ಮುಂದೆ ಹೋಗುವ ದಾರಿ ನಿಮ್ಮ ಮನಸ್ಸಿನಲ್ಲಿ ಇದ್ದರೆ ಮಾತ್ರ ದಾಳ ಹಾಕಿಸಿ. ಬಾಗಿಲು ತೆರೆಯಲೇಬೇಕು ಎಂದಿದ್ದರೆ ಸುಮ್ಮನೆ ತೆರೆದುಬಿಡಿ. ಮಗು ಸಾಯುವುದನ್ನು ನೋಡಲು ನಿಮ್ಮಿಂದ ಆಗುವುದಿಲ್ಲ ಎಂದಾದರೆ, ಈ ಆಟದಲ್ಲಿ ಯಾರೂ ಸಾಯುವುದಿಲ್ಲ, ಮೂರ್ಛೆ ಹೋಗುತ್ತಾರೆ ಎಂದು ಮೊದಲ ದಿನವೇ ಹೇಳಿ. ಅದೂ ಒಂದು ಒಳ್ಳೆಯ ನಿಯಮವೇ.

ನಾಲ್ಕು, ದಯೆ ತೋರಿಸಿ, ಧಾರಾಳವಾಗಿ ತೋರಿಸಿ. ಆದರೆ ಎಲ್ಲರ ಎದುರು ತೋರಿಸಿ, ಲೆಕ್ಕಕ್ಕೆ ಬರೆಯಿರಿ.

ಮಕ್ಕಳೇ, ನಿಮಗೂ ಒಂದು ಮಾತು. ನಿಮ್ಮ ಅಜ್ಜ ಚೆಸ್ಸಿನಲ್ಲೋ ಕೇರಮ್ಮಿನಲ್ಲೋ ಬೇಕೆಂದೇ ಸೋಲುತ್ತಿದ್ದಾರೆ ಎಂದು ಸಂಶಯ ಬಂದರೆ ಕೋಪ ಮಾಡಬೇಡಿ. ಪ್ರೀತಿಯಿಂದಲೇ ಸೋಲುವುದು. "ಅಜ್ಜಾ, ನಿಜವಾಗಿ ಆಡಿ" ಎಂದು ಹೇಳಿ. ಕೇಳಿದರೆ ಕಲಿಯುತ್ತಾರೆ. ನಾನು ಕಲಿತಿಲ್ಲವೇ?

ನಮ್ಮ ನಾಲ್ವರೂ ಈಗ ತಣ್ಣೀರುಬಾವಿಯ ದಡ ಮುಟ್ಟಿದ್ದಾರೆ. ಮುಂದೆ ಎಲ್ಲಿಗೆ ಹೋಗುತ್ತಾರೆ ಎಂದು ನನಗೆ ಗೊತ್ತಿಲ್ಲ. ಬೆಳಿಗ್ಗೆ ಈಗ ನಾನೂ ಸೊಸೆಯ ಮೊಬೈಲು ಕೇಳುತ್ತೇನೆ: "ನೋಡು ಮಗಾ, ಇವತ್ತು ರಜೆ ಉಂಟಾ?"